ಅವ್ವನ ಕ್ಯಾನ್ಸರ್ ನೋವಿಗೆ ಬೆನ್ನಿನೊಳಗೆ ನಳಿಕೆ ಹಾಕಿಸಬೇಕೇ?

ರೋಣದ ಮಗ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಅವ್ವ, ತಮ್ಮ ಮತ್ತು ತಮ್ಮನ ಹೆಂಡತಿ ರೋಣ ತಾಲ್ಲೂಕಿನ ನಮ್ಮ ಊರಿನಲ್ಲಿದ್ದಾರೆ. ಅವ್ವನಿಗೆ ಈಗ 56 ವರ್ಷ. ಎರಡು ವರ್ಷದ ಹಿಂದೆ ಗರ್ಭಕೊರಳಿನ ಕ್ಯಾನ್ಸರ್ ಎಂದು ಗೊತ್ತಾದಾಗ ವಿಕಿರಣ ಚಿಕಿತ್ಸೆ, ಕಿಮೊ ಎರಡನ್ನೂ ಮಾಡಿಸಿದೆವು. ಒಂದು ವರ್ಷ ಆರಾಮಾಗಿದ್ದಳು. ಆಮೇಲೆ ಸೊಂಟದೊಳಗೆ ಎಡಭಾಗದಲ್ಲಿ ಗಡ್ಡೆ ಮತ್ತೆ ಬೆಳೆದಿದೆ, ಅದು ಕಾಲಿಗೆ ಹೋಗುವ ನರಗಳ ಗೊಂಚಲನ್ನು ಹಿಡಿದುಕೊಂಡಿದೆ ಎಂದು ಸ್ಕ್ಯಾನ್ ನೋಡಿ ಹೇಳಿದರು. ಇನ್ನು ಗುಣವಾಗುವ ರೋಗವಲ್ಲ ಎಂಬುದನ್ನು ವೈದ್ಯರು ಮುಚ್ಚಿಡಲಿಲ್ಲ, ನಾವೂ ಅವ್ವನಿಂದ ಮುಚ್ಚಿಟ್ಟಿಲ್ಲ.

ನೋವು ಎಡ ಕುಂಡಿಯಿಂದ ಹಿಮ್ಮಡಿಯವರೆಗೆ ಕಾಸಿದ ಕಬ್ಬಿಣ ಎಳೆದಂತೆ ಇಳಿಯುತ್ತದೆ ಎನ್ನುತ್ತಾಳೆ. ಕೂಡಲು ಆಗುವುದಿಲ್ಲ, ಬಲ ಮಗ್ಗುಲಿಗೆ ಮಲಗಿ ಮೊಣಕಾಲುಗಳ ನಡುವೆ ದಿಂಬು ಇಟ್ಟುಕೊಂಡರೆ ಮಾತ್ರ ಸ್ವಲ್ಪ ತಾಳಿಕೊಳ್ಳುತ್ತಾಳೆ. ರಾತ್ರಿ ಎರಡೂವರೆಯ ಸುಮಾರಿಗೆ ಗುಳಿಗೆಯ ಕಸುವು ಇಳಿದ ಮೇಲೆ ಮುಂಜಾನೆಯ ಮೊದಲ ಬಸ್ಸಿನ ಸದ್ದು ಕೇಳುವ ತನಕ ಗೋಡೆಯನ್ನು ಉಗುರಿನಿಂದ ಕೆರೆಯುತ್ತಿರುತ್ತಾಳೆ. ಅವಳ ಹಾಸಿಗೆಯ ಮಗ್ಗುಲಿನ ಗೋಡೆಯಲ್ಲಿ ಒಂದು ಗೇಣಿನಷ್ಟು ಸುಣ್ಣ ಉದುರಿದೆ.

ಈಗ ಮಾರ್ಫಿನ್ ಗುಳಿಗೆ ನಾಲ್ಕು ತಾಸಿಗೊಮ್ಮೆ 60 ಮಿಲಿಗ್ರಾಂ, ಅಂದರೆ ದಿನಕ್ಕೆ 360 ಮಿಲಿಗ್ರಾಂ ನಡೆದಿದೆ. ಜೊತೆಗೆ ನರದ ನೋವಿಗೆ ಪ್ರಿಗಾಬಾಲಿನ್, ರಾತ್ರಿ ಅಮಿಟ್ರಿಪ್ಟಿಲಿನ್ ಕೊಡುತ್ತೇವೆ. ಕಳೆದ ಹದಿನೈದು ದಿನಗಳಿಂದ ಅವ್ವ ಹಗಲಿಡೀ ಮಂಪರಿನಲ್ಲಿ ಇರುತ್ತಾಳೆ, ವಾಂತಿ ಮಾಡಿಕೊಳ್ಳುತ್ತಾಳೆ, ಚಹಾದ ಬಟ್ಟಲು ಹಿಡಿದರೆ ಕೈ ತಟ್ಟನೆ ಜಿಗಿದು ಚಹಾ ಚೆಲ್ಲುತ್ತದೆ. ಇಷ್ಟೆಲ್ಲ ಆಗಿಯೂ ನೋವು ಮಾತ್ರ ಹಾಗೆಯೇ ಇದೆ. ಬೆನ್ನುಹುರಿಯ ಸುತ್ತಲಿನ ದ್ರವದೊಳಕ್ಕೆ ತೆಳುವಾದ ನಳಿಕೆ ಇಳಿಸಿ ಔಷಧವನ್ನು ನೇರವಾಗಿ ಅಲ್ಲಿಗೇ ಕೊಡಬಹುದು ಎಂದು ಈಗ ವೈದ್ಯರು ಹೇಳಿದ್ದಾರೆ. ಹೊಟ್ಟೆಯ ಚರ್ಮದ ಕೆಳಗೆ ಪಂಪು ಹುಗಿಯುವುದು ಒಂದು ದಾರಿಯಂತೆ, ಅದಕ್ಕೆ ಕೆಲವು ಲಕ್ಷ ಬೇಕು. ಪಂಪನ್ನು ಹೊರಗೇ ಚೀಲದಲ್ಲಿ ಇಟ್ಟುಕೊಳ್ಳುವುದು ಇನ್ನೊಂದು ದಾರಿಯಂತೆ.

ಬೆನ್ನಿಗೆ ಸೂಜಿ ಚುಚ್ಚಿಸಿದರೆ ಇದ್ದ ಕಾಲೂ ಹೋಗುತ್ತದೆ ಎಂದು ತಮ್ಮ ಹೇಳುತ್ತಾನೆ. ಇದು ಕೈಬಿಟ್ಟವರಿಗೆ ಕೊಡುವ ಕೊನೆಯ ಔಷಧ ಎಂದು ಕಾಕಾ ಹೇಳುತ್ತಾರೆ. ಅವ್ವನನ್ನು ಕೇಳಿದರೆ, “ನಿದ್ದಿ ಬರೂದಿದ್ರ ಏನರ ಮಾಡ್ರಿ” ಎನ್ನುತ್ತಾಳೆ. ಈ ಚಿಕಿತ್ಸೆ ಹೇಗೆ ಕೆಲಸ ಮಾಡುತ್ತದೆ, ಹಳ್ಳಿಯ ಮನೆಯಲ್ಲಿ ಇದನ್ನು ನಿಭಾಯಿಸಲು ಸಾಧ್ಯವೇ ಎಂಬುದನ್ನು ತಿಳಿದವರು ಬಿಡಿಸಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

ಅರಿವಳಿಕೆ ವೈದ್ಯ, ಹುಬ್ಬಳ್ಳಿ

ನಳಿಕೆಯ ವಿಷಯಕ್ಕೆ ಬರುವ ಮೊದಲು ಒಂದು ಮಾತು ಕೇಳುತ್ತೇನೆ, ದಯವಿಟ್ಟು ಇದನ್ನು ನಾಳೆಗೆ ಬಿಡಬೇಡಿ. ಮೂತ್ರಪಿಂಡ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತೋರಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ನಿಮ್ಮ ತಾಯಿಯವರಿಗೆ ಕೊನೆಯ ಸಲ ಯಾವಾಗ ಆಗಿದೆ? ಗರ್ಭಕೊರಳಿನ ಕ್ಯಾನ್ಸರ್ ಸೊಂಟದೊಳಗೆ ಮರಳಿ ಬೆಳೆದಾಗ ಮೂತ್ರಪಿಂಡದಿಂದ ಮೂತ್ರಚೀಲಕ್ಕೆ ಇಳಿಯುವ ನಾಳವನ್ನು ಅದು ಹೊರಗಿನಿಂದ ಒತ್ತುವುದು ಬಹಳ ಸಾಮಾನ್ಯ. ಮಾರ್ಫಿನ್ ಯಕೃತ್ತಿನಲ್ಲಿ ಒಡೆದು ಹುಟ್ಟುವ ಉಪವಸ್ತುಗಳು ಮೂತ್ರದ ಮೂಲಕವೇ ಹೊರಹೋಗಬೇಕು. ಆ ದಾರಿ ಕಟ್ಟಿಕೊಂಡರೆ ಅವು ಮೈಯಲ್ಲಿಯೇ ಉಳಿಯುತ್ತವೆ. ಮಂಪರು, ವಾಂತಿ, ಕೈ ತಟ್ಟನೆ ಜಿಗಿಯುವುದು ಎಂದು ನೀವು ಬರೆದಿರುವ ಮೂರೂ ಲಕ್ಷಣಗಳು ಒಟ್ಟಿಗೆ ಬಂದಾಗ ನನಗೆ ಮೊದಲು ಬರುವ ಅನುಮಾನ ಇದೇ. ಹಾಗಿದ್ದರೆ ಮಾರ್ಫಿನ್ ಏರಿಸಿದಷ್ಟೂ ತ್ರಾಸು ಏರುತ್ತದೆಯೇ ಹೊರತು ನೋವು ಇಳಿಯುವುದಿಲ್ಲ. ಒಂದು ರಕ್ತಪರೀಕ್ಷೆ, ಒಂದು ಹೊಟ್ಟೆಯ ಸೋನೋಗ್ರಫಿ, ಇಷ್ಟು ಸಾಕು, ಗದಗದಲ್ಲಿಯೇ ಆಗುತ್ತದೆ. ಹಾಗೆಂದು ಗುಳಿಗೆಯನ್ನು ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ವರದಿ ಹಿಡಿದು ಔಷಧ ಬರೆದ ವೈದ್ಯರನ್ನು ಅದೇ ದಿನ ಕಾಣಿರಿ.

ಇನ್ನೊಂದು ಪ್ರಶ್ನೆ. ಎಡಗಾಲಿನಲ್ಲಿ ಇತ್ತೀಚೆಗೆ ಶಕ್ತಿ ಕುಂದಿದೆಯೇ, ಮಲಮೂತ್ರದ ಹಿಡಿತ ತಪ್ಪಿದೆಯೇ? ಹೌದಾದರೆ ಗಡ್ಡೆ ಬೆನ್ನೆಲುಬಿನ ಕೊಳವೆಯೊಳಗೆ ಹೊಕ್ಕಿರಬಹುದು. ಅದು ತುರ್ತಾಗಿ ಎಂಆರ್‌ಐ ಮಾಡಿಸಬೇಕಾದ ಸ್ಥಿತಿ.

ಈಗ ನಿಮ್ಮ ಪ್ರಶ್ನೆ. ಕಾಲಿನಿಂದ ಬರುವ ನೋವಿನ ಸುದ್ದಿ ಮಿದುಳಿಗೆ ಹೋಗುವ ಮೊದಲು ಬೆನ್ನುಹುರಿಯ ಹಿಂಭಾಗದ ಬೂದುಬಣ್ಣದ ಪದರಿನಲ್ಲಿ ಕೈ ಬದಲಾಯಿಸುತ್ತದೆ. ಮಾರ್ಫಿನ್ ಅಂಟಿಕೊಳ್ಳುವ ಗ್ರಾಹಕಗಳು ಆ ಜಾಗದಲ್ಲಿ ದಟ್ಟವಾಗಿವೆ. ಬಾಯಿಂದ ನುಂಗಿದ ಗುಳಿಗೆ ಕರುಳು, ಯಕೃತ್ತು, ರಕ್ತ ಎಲ್ಲವನ್ನೂ ಸುತ್ತಿಕೊಂಡು ಅಲ್ಲಿಗೆ ತಲುಪುವ ಹೊತ್ತಿಗೆ ತೀರ ಅಲ್ಪ ಉಳಿದಿರುತ್ತದೆ, ದಾರಿಯುದ್ದಕ್ಕೂ ಮಂಪರು ಮತ್ತು ಮಲಬದ್ಧತೆಯನ್ನು ಹಂಚಿಕೊಂಡೇ ಬಂದಿರುತ್ತದೆ. ನಾವು ಬಳಸುವ ಅಂದಾಜಿನ ಲೆಕ್ಕದಲ್ಲಿ ಬಾಯಿಂದ ಕೊಟ್ಟ 300 ಮಿಲಿಗ್ರಾಂ, ರಕ್ತನಾಳಕ್ಕೆ ಕೊಟ್ಟ 100, ಬೆನ್ನುಹುರಿಯ ಹೊದಿಕೆಯ ಹೊರಗೆ ಕೊಟ್ಟ 10, ಹೊದಿಕೆಯ ಒಳಗಿನ ದ್ರವಕ್ಕೆ ಕೊಟ್ಟ 1 ಮಿಲಿಗ್ರಾಂ ಸುಮಾರಾಗಿ ಒಂದೇ ತೂಕದವು. ನಿಮ್ಮ ತಾಯಿಯವರ 360 ಮಿಲಿಗ್ರಾಂ ಅಲ್ಲಿ ಒಂದೂಕಾಲು ಮಿಲಿಗ್ರಾಂನ ಆಸುಪಾಸಿಗೆ ಬರುತ್ತದೆ. ಆರಂಭಿಸುವಾಗ ನಾವು ಅದಕ್ಕಿಂತಲೂ ಕೆಳಗೆ ಇರುತ್ತೇವೆ. ಇದು ತಿಳಿವಳಿಕೆಗಾಗಿ ಹೇಳಿದ ಲೆಕ್ಕ, ಮನೆಯಲ್ಲಿ ಮಾಡುವ ಲೆಕ್ಕವಲ್ಲ. ಇದೇ ದ್ರವಕ್ಕೆ ಬುಪಿವಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಸ್ವಲ್ಪ ಸೇರಿಸಬಹುದು, ನರದ ನೋವಿಗೆ ಅದರ ಸಹಾಯ ದೊಡ್ಡದು.

ಕುತೂಹಲಕ್ಕೆ ಒಂದು ಮಾತು: ಬೆನ್ನಿನ ದ್ರವಕ್ಕೆ ಮಾರ್ಫಿನ್ ಕೊಟ್ಟರೆ ಮನುಷ್ಯರ ಕ್ಯಾನ್ಸರ್ ನೋವು ಇಳಿಯುತ್ತದೆ ಎಂದು 1979ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು ಮೊದಲು ಪ್ರಕಟಿಸಿದಾಗ ಅವರ ಎಂಟು ರೋಗಿಗಳಿಗಿದ್ದದ್ದು ಸೊಂಟದ ನರಗೊಂಚಲಿಗೆ ಗಡ್ಡೆ ಹಬ್ಬಿ ಬಂದ ಬೆನ್ನು ಮತ್ತು ಕಾಲಿನ ನೋವೇ. ನಿಮ್ಮ ತಾಯಿಯವರ ನೋವು ಈ ಚಿಕಿತ್ಸೆಗೆ ಹೊರಗಿನದಲ್ಲ, ಅದರ ಹುಟ್ಟಿನ ಕಾರಣಕ್ಕೇ ಹತ್ತಿರದ್ದು.

ತಮ್ಮನವರ ಹೆದರಿಕೆಗೆ ಉತ್ತರ: ನಿಮ್ಮ ಊರಿನಲ್ಲಿ ಸಿಸೇರಿಯನ್ ಆದ ಹೆಣ್ಣುಮಕ್ಕಳನ್ನು ಎಣಿಸಿ ನೋಡಲಿ. ಅವರಲ್ಲಿ ಬಹುಪಾಲು ಜನರಿಗೆ ಬೆನ್ನಿನ ಇದೇ ದ್ರವಕ್ಕೆ ಸೂಜಿ ಹಾಕಿಯೇ ಶಸ್ತ್ರಕ್ರಿಯೆ ಮಾಡಿರುತ್ತಾರೆ, ಅವರು ಎದ್ದು ನಡೆದಿದ್ದಾರೆ. ಅಪಾಯ ಇಲ್ಲವೆಂದಲ್ಲ. ಸೋಂಕು ತಗುಲಿ ಮಿದುಳುಪೊರೆಗೆ ಹಬ್ಬಬಹುದು, ದ್ರವ ಸೋರಿ ತಲೆನೋವು ಬರಬಹುದು, ನಳಿಕೆ ಮಡಚಿಕೊಳ್ಳಬಹುದು ಅಥವಾ ಜಾರಬಹುದು, ಮೂತ್ರ ಕಟ್ಟಬಹುದು, ಮೈ ತುರಿಸಬಹುದು, ಬುಪಿವಕೇನ್ ಹೆಚ್ಚಾದರೆ ಕಾಲು ಜೋಮು ಹಿಡಿಯಬಹುದು. ಮಾರ್ಫಿನ್ ದ್ರವದೊಳಗೆ ನಿಧಾನವಾಗಿ ಮೇಲಕ್ಕೇರಿ ಹಲವು ತಾಸುಗಳ ನಂತರ ಉಸಿರಾಟವನ್ನು ಕುಗ್ಗಿಸಬಲ್ಲದು, ಆದ್ದರಿಂದ ಮೊದಲ ಒಂದು ದಿನ ಆಸ್ಪತ್ರೆಯಲ್ಲಿ ಉಸಿರು ಎಣಿಸುತ್ತ ಕೂಡಲೇಬೇಕು. ರಕ್ತ ತೆಳುವಾಗಿಸುವ ಔಷಧ ನಡೆದಿದ್ದರೆ, ಪ್ಲೇಟ್‌ಲೆಟ್ ಕಡಿಮೆಯಿದ್ದರೆ, ಮೈಯಲ್ಲಿ ಸೋಂಕಿದ್ದರೆ ಸೂಜಿ ಮುಟ್ಟಬಾರದು.

ಹುಗಿಯುವ ಪಂಪಿನ ಬಗ್ಗೆ 202 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ನಾವೆಲ್ಲ ಉಲ್ಲೇಖಿಸುತ್ತೇವೆ. ನೋವು ಅಥವಾ ಔಷಧದ ತ್ರಾಸು ಸಾಕಷ್ಟು ಇಳಿದವರು ಪಂಪಿನ ಗುಂಪಿನಲ್ಲಿ ಶೇಕಡಾ 84.5, ಬರಿಯ ಔಷಧದ ಗುಂಪಿನಲ್ಲಿ ಶೇಕಡಾ 70.8. ಮಂಪರು ಮತ್ತು ಸುಸ್ತು ಪಂಪಿನವರಲ್ಲಿ ಸ್ಪಷ್ಟವಾಗಿ ಕಡಿಮೆಯಿತ್ತು. ಆದರೆ ಔಷಧದ ಗುಂಪಿನ ಶೇಕಡಾ 70 ಎಂಬುದನ್ನೂ ಓದಿಕೊಳ್ಳಿರಿ: ಗುಳಿಗೆಗಳನ್ನೇ ಸರಿಯಾಗಿ ಹೊಂದಿಸಿದರೆ ಹತ್ತರಲ್ಲಿ ಏಳು ಜನರಿಗೆ ಉಪಕಾರವಾಗಿದೆ. ಅದಕ್ಕೇ ಮೊದಲು ಕ್ರಿಯಾಟಿನಿನ್ ಕೇಳಿದೆ.

ಬ್ಯಾಡಗಿ ಸೊಸೆ

ವೈದ್ಯರು ಹೇಳಿದ್ದನ್ನು ಓದಿದೆ. ಮನೆಯಲ್ಲಿ ಅದು ಹೇಗಿರುತ್ತದೆ ಎಂಬುದನ್ನು ನಾನು ಹೇಳುತ್ತೇನೆ. ನಮ್ಮ ಮಾವನವರಿಗೆ ಗುದನಾಳದ ಕ್ಯಾನ್ಸರ್ ಬೆನ್ನಿನ ಕೆಳಗಿನ ಎಲುಬಿಗೆ ಹತ್ತಿತ್ತು. ಅವರು ಬದುಕಿದ್ದ ಕೊನೆಯ ಹನ್ನೊಂದು ವಾರ ಬೆನ್ನಿನ ನಳಿಕೆಯನ್ನು ನಾನೇ ನೋಡಿಕೊಂಡಿದ್ದೇನೆ. ಹುಗಿಯುವ ಪಂಪು ನಮಗೆ ಎಟುಕಲಿಲ್ಲ. ನಳಿಕೆಯನ್ನು ಬೆನ್ನಿನಿಂದ ಚರ್ಮದ ಕೆಳಗೇ ಪಕ್ಕೆಯವರೆಗೆ ತಂದು, ಅಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಗುಂಡಿಯನ್ನು ಚರ್ಮದ ಒಳಗೇ ಕೂಡಿಸಿದ್ದರು. ಅದಕ್ಕೆ ಸೂಜಿ ಚುಚ್ಚಿ, ಹೊರಗಿನ ಬ್ಯಾಟರಿ ಪಂಪಿಗೆ ಜೋಡಿಸುತ್ತಿದ್ದರು. ಪಂಪು ಹೆಗಲಿಗೆ ಹಾಕಿಕೊಳ್ಳುವ ಚೀಲದಲ್ಲಿ ಇರುತ್ತಿತ್ತು. ಮೂರನೆಯ ದಿನಕ್ಕೆ ಮಾವ ಎದ್ದು ಕೂತು ಮೆಣಸಿನಕಾಯಿಯ ದರ ಕೇಳಿದರು. ಅಲ್ಲಿಯವರೆಗೆ ಎರಡು ತಿಂಗಳು ಅವರು ಯಾವುದನ್ನೂ ಕೇಳಿರಲಿಲ್ಲ.

ಮೊದಲ ರಾತ್ರಿ ಮೂತ್ರ ಕಟ್ಟಿತು, ನಳಿ ಹಾಕಿದರು, ನಾಲ್ಕು ದಿನದ ಮೇಲೆ ತೆಗೆದರು. ಮೂಗಿನ ತುದಿ ಮತ್ತು ಮುಖ ಒಂದು ವಾರ ತುರಿಸುತ್ತಿತ್ತು. ಸೂಜಿ ಮತ್ತು ಡ್ರೆಸ್ಸಿಂಗನ್ನು ವಾರಕ್ಕೊಮ್ಮೆ ಬದಲಿಸಲು ಹಾವೇರಿಯವರೆಗೆ ಹೋಗಬೇಕಾಗುತ್ತಿತ್ತು, ಔಷಧದ ಚೀಲವನ್ನು ಮಾತ್ರ ಹುಬ್ಬಳ್ಳಿಯಲ್ಲಿಯೇ ತುಂಬಿಕೊಡುತ್ತಿದ್ದರು. ಇವೆಲ್ಲ ನಡೆದುಹೋಗುತ್ತವೆ. ನಡೆದುಹೋಗದಂಥದ್ದು ಒಂದಿದೆ, ಅದಕ್ಕಾಗಿಯೇ ಇಷ್ಟು ಬರೆಯುತ್ತಿದ್ದೇನೆ.

ಆರನೆಯ ವಾರದಲ್ಲಿ ಮಾವನಿಗೆ ಜ್ವರ ಬಂದು ಹತ್ತಿರದ ಒಂದು ಸಣ್ಣ ದವಾಖಾನೆಗೆ ಕರೆದುಕೊಂಡು ಹೋದೆವು. ಕೈಯಲ್ಲಿ ರಕ್ತನಾಳ ಸಿಗಲಿಲ್ಲ. ಅಲ್ಲಿದ್ದ ಹುಡುಗ ಪಕ್ಕೆಯಲ್ಲಿದ್ದ ಸೂಜಿಯನ್ನು ನೋಡಿ, ಕಿಮೊ ಕೊಡುವ ಪೋರ್ಟ್ ಇರಬೇಕೆಂದು ತಿಳಿದು, ಆಂಟಿಬಯೋಟಿಕ್ ತುಂಬಿದ ಸಿರಿಂಜನ್ನು ಅದಕ್ಕೆ ಜೋಡಿಸಲು ಮುಚ್ಚಳ ತಿರುಗಿಸುತ್ತಿದ್ದ. ನಾನು ಚೀರಿಕೊಂಡು ಅವನ ಕೈ ಹಿಡಿದೆ. ಅವನದು ತಪ್ಪೆನ್ನಲೂ ಬರುವುದಿಲ್ಲ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ, ಅವನಿಗೆ ಅದನ್ನು ಯಾರೂ ತೋರಿಸಿರಲಿಲ್ಲ. ಮನೆಗೆ ಬಂದ ಮೇಲೆ ನನ್ನ ಕೈಕಾಲು ನಡುಗಿದವು. ಅಂದೇ ಮಾವನ ಪಕ್ಕೆಯ ಹತ್ತಿರ, ಪಂಪಿನ ಚೀಲದ ಮೇಲೆ, ನಳಿಕೆಯ ಉದ್ದಕ್ಕೆ ಎರಡು ಕಡೆ ಕೆಂಪು ಟೇಪು ಸುತ್ತಿ, “ಇದು ಬೆನ್ನಿನ ನಳಿಕೆ, ಬೇರೆ ಯಾವ ಔಷಧವನ್ನೂ ಹಾಕಬಾರದು” ಎಂದು ಮಾರ್ಕರಿನಿಂದ ಬರೆದೆ. ನಿಮ್ಮ ತಮ್ಮನ ಹೆಂಡತಿಗೆ ಈ ಕೆಲಸವನ್ನು ಮೊದಲ ದಿನವೇ ಮಾಡಲು ಹೇಳಿರಿ, ಆರನೆಯ ವಾರದವರೆಗೆ ಕಾಯುವುದು ಬೇಡ.

ಇನ್ನೊಂದು ಮಾತು, ಕೇಳಲು ಸಣ್ಣದು. ಪಂಪು ಕೂಗುತ್ತದೆ. ಔಷಧ ಮುಗಿಯುತ್ತ ಬಂದರೆ ಕೂಗುತ್ತದೆ, ನಳಿಕೆ ಮಡಚಿದರೆ ಕೂಗುತ್ತದೆ, ಬ್ಯಾಟರಿ ಇಳಿದರೂ ಕೂಗುತ್ತದೆ, ಅದೂ ಸಾಮಾನ್ಯವಾಗಿ ನಡುರಾತ್ರಿಯಲ್ಲಿ. ರಾತ್ರಿ ಫೋನ್ ಎತ್ತುವ ಒಬ್ಬರ ನಂಬರನ್ನು ಬರೆಸಿಕೊಳ್ಳದೆ ಆಸ್ಪತ್ರೆಯ ಮೆಟ್ಟಿಲು ಇಳಿಯಬೇಡಿ.

ನವನಗರದ ದಾದಿ

ಉಪಶಾಮಕ ಆರೈಕೆಯಲ್ಲಿ, ಅಂದರೆ ಗುಣವಾಗದ ರೋಗದ ನೋವು, ತ್ರಾಸು ಇಳಿಸುವ ಆರೈಕೆಯಲ್ಲಿ, ಹಲವು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಕಾಕಾ ಅವರ “ಕೊನೆಯ ಔಷಧ” ಎಂಬ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಮಾರ್ಫಿನ್ ಕೊನೆಯ ಔಷಧ ಎಂಬ ಭಾವನೆ ನಮ್ಮಲ್ಲಿ ಬೇರೂರಲು ಒಂದು ಕಾರಣ, ಅದು ದೀರ್ಘಕಾಲ ಕೊನೆಗೇ ಸಿಗುತ್ತಿತ್ತು. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಒಂದು ಆಸ್ಪತ್ರೆ ಮಾರ್ಫಿನ್ ಇಟ್ಟುಕೊಳ್ಳಬೇಕಾದರೆ ಹಲವು ಲೈಸೆನ್ಸ್‌ಗಳಿಗಾಗಿ ಹಲವು ಕಚೇರಿ ತಿರುಗಬೇಕಿತ್ತು, ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಎಷ್ಟೋ ಆಸ್ಪತ್ರೆಗಳು ಆ ಗೋಜೇ ಬೇಡವೆಂದು ಬಿಟ್ಟವು. ಅಫೀಮನ್ನು ನಮ್ಮ ದೇಶವೇ ಬೆಳೆಯುತ್ತದೆ, ಗಾಜಿಪುರ ಮತ್ತು ನೀಮಚ್‌ನ ಸರ್ಕಾರಿ ಕಾರ್ಖಾನೆಗಳು ಅದನ್ನು ಸಂಸ್ಕರಿಸುತ್ತವೆ, ಆದರೂ ನಮ್ಮ ರೋಗಿಗಳಿಗೆ ಗುಳಿಗೆ ಸಿಗುತ್ತಿರಲಿಲ್ಲ ಎಂಬುದು ನನಗೆ ಇಂದಿಗೂ ನುಂಗಲಾಗದ ಸಂಗತಿ. 2014ರ ತಿದ್ದುಪಡಿಯ ನಂತರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗೆ ಒಂದೇ ಅನುಮತಿ ಸಾಕು. ನೋವು ಜೋರಾದಾಗಲೇ ಮಾರ್ಫಿನ್ ಆರಂಭಿಸಬೇಕು, ಅದಕ್ಕೂ ಆಯುಷ್ಯಕ್ಕೂ ಗಂಟು ಹಾಕಬಾರದು.

ನಳಿಕೆ ಹಾಕಿಸುವುದಾದರೆ ಹಾಕಿಸಿ, ಆದರೆ ಈ ವಾರ ಎರಡು ಕೆಲಸ ಮಾಡಿರಿ. ಒಂದು ನೋಟುಬುಕ್ಕಿನಲ್ಲಿ ಪ್ರತಿ ಗುಳಿಗೆಯ ಹೊತ್ತು, ಅದಕ್ಕೆ ಮೊದಲು ನೋವು ಹತ್ತರಲ್ಲಿ ಎಷ್ಟಿತ್ತು, ಒಂದು ತಾಸಿನ ನಂತರ ಎಷ್ಟಾಯಿತು ಎಂದು ಬರೆಯಿರಿ. ನಿಮ್ಮ ತಾಯಿಯವರಿಗೆ ಅಂಕಿಗಿಂತ ರೂಪಾಯಿ, ಆಣೆಯ ಲೆಕ್ಕ ಸುಲಭವಾದರೆ ಅದರಲ್ಲಿಯೇ ಹೇಳಲಿ. “ಇವತ್ತು ಹನ್ನೆರಡಾಣೆ ನೋವು” ಎಂದು ಹೇಳುವ ಅಜ್ಜಿಯಂದಿರ ಪುಸ್ತಕ ನನ್ನ ಹತ್ತಿರ ಹಲವಾರಿವೆ, ವೈದ್ಯರಿಗೆ ಅದು ಚೆನ್ನಾಗಿಯೇ ಅರ್ಥವಾಗುತ್ತದೆ. ಎರಡನೆಯದು, ಸಂಡಾಸಿಗೆ ಹೋಗಿ ಎಷ್ಟು ದಿನವಾಯಿತು ಎಂದು ಕೇಳಿರಿ. ಮಾರ್ಫಿನ್ ಬರೆದ ಚೀಟಿಯಲ್ಲಿ ಮಲ ಸಡಿಲಿಸುವ ಔಷಧ ಇರಲೇಬೇಕು. ನೀವು ಬರೆದ ಪಟ್ಟಿಯಲ್ಲಿ ಅದು ಕಾಣಲಿಲ್ಲ. ವಾಂತಿಗೆ ಅದೂ ಕಾರಣವಿರಬಹುದು.

ಮಾಳಮಡ್ಡಿ ಮಾಸ್ತರ

ನನ್ನ ಅನುಭವ ಬೇರೆ, ಅದನ್ನೂ ಒಂದು ಕಡೆ ಇಟ್ಟುಕೊಳ್ಳಿರಿ. ನನ್ನ ಹೆಂಡತಿಗೆ ಧಾರವಾಡದಲ್ಲಿದ್ದಾಗ ಇದೇ ಚಿಕಿತ್ಸೆಯನ್ನು ಸೂಚಿಸಿದ್ದರು. ಆಕೆ ಬೇಡವೆಂದಳು. ಮೈಗೆ ಇನ್ನೊಂದು ನಳಿಕೆ ಜೋಡಿಸಿಕೊಳ್ಳಲು ಮನಸ್ಸಿಲ್ಲ, ಸ್ವಲ್ಪ ನೋವಿದ್ದರೂ ಇರಲಿ, ಮೊಮ್ಮಗಳನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳಬೇಕು ಎಂದಳು. ಚರ್ಮಕ್ಕೆ ಅಂಟಿಸುವ ಪ್ಯಾಚ್ ಮತ್ತು ಬಾಯಿಯ ಔಷಧದಲ್ಲಿಯೇ ಎರಡು ತಿಂಗಳು ಸಾಗಿಸಿದೆವು. ಕೆಲವು ರಾತ್ರಿಗಳು ಕೆಟ್ಟದಾಗಿದ್ದವು. ಆದರೂ ಆಕೆಯ ಮಾತು ಮೀರಿ ನಡೆಯಲಿಲ್ಲ ಎಂಬ ಸಮಾಧಾನ ನನಗಿದೆ. ನಿಮ್ಮ ತಾಯಿ “ಏನರ ಮಾಡ್ರಿ” ಎಂದದ್ದು ಮಂಪರಿನಲ್ಲಿಯೋ ಎಚ್ಚರದಲ್ಲಿಯೋ ಎಂದು ಇನ್ನೊಮ್ಮೆ ವಿಚಾರಿಸಿರಿ.

ರೋಣದ ಮಗ

ಉತ್ತರ ಬರೆದ ಎಲ್ಲರಿಗೂ ಋಣಿಯಾಗಿದ್ದೇನೆ. ಹತ್ತು ದಿನಗಳ ಸುದ್ದಿಯನ್ನು ಹೇಳುತ್ತೇನೆ.

ಡಾಕ್ಟರ್ ಸಾಹೇಬರ ಅನುಮಾನವೇ ನಿಜವಾಯಿತು. ಕ್ರಿಯಾಟಿನಿನ್ 3.1 ಬಂತು, ಎರಡೂ ಮೂತ್ರಪಿಂಡ ಊದಿಕೊಂಡಿದ್ದವು, ಎಡಗಡೆಯದು ಹೆಚ್ಚು. ಹುಬ್ಬಳ್ಳಿಗೆ ಕರೆತಂದು ಬಲಗಡೆಯ ನಾಳಕ್ಕೆ ಸ್ಟೆಂಟ್ ಹಾಕಿಸಿದೆವು. ಎಡಗಡೆ ಗಡ್ಡೆಯ ಒತ್ತಡಕ್ಕೆ ತಂತಿಯೇ ಹೋಗಲಿಲ್ಲ. ಮಾರ್ಫಿನ್ ನಿಲ್ಲಿಸಿ ಫೆಂಟನಿಲ್ ಪ್ಯಾಚ್ ಹಚ್ಚಿದರು. ಅದನ್ನು 72 ತಾಸಿಗೊಮ್ಮೆ ಬದಲಿಸಬೇಕು, ಪ್ಯಾಚಿನ ಮೇಲೆ ಬಿಸಿನೀರಿನ ಚೀಲ ಇಟ್ಟರೆ ಔಷಧ ಒಮ್ಮೆಲೇ ಒಳಹೋಗುತ್ತದೆ ಎಂದು ಎಚ್ಚರಿಸಿದರು. ನಮ್ಮ ಮನೆಯಲ್ಲಿ ಅವ್ವನ ಸೊಂಟಕ್ಕೆ ದಿನಾ ಬಿಸಿನೀರಿನ ಚೀಲ ಕೊಡುತ್ತಿದ್ದೆವು, ಹೇಳದಿದ್ದರೆ ಅದೂ ಆಗಿಬಿಡುತ್ತಿತ್ತು. ಹಾಂ, ಸಂಡಾಸಿನ ವಿಷಯ ಕೇಳಿದಾಗ ಒಂಬತ್ತು ದಿನ ಎಂದಳು. ನಾನು ಮಗನಾಗಿ ಅದನ್ನು ಒಮ್ಮೆಯೂ ಕೇಳಿರಲಿಲ್ಲ.

ಐದನೆಯ ದಿನಕ್ಕೆ ಕೈ ಜಿಗಿಯುವುದು ನಿಂತಿತು. ಅವ್ವ ಕಣ್ಣು ಪೂರ್ತಿ ತೆರೆದು ನನ್ನ ಗಡ್ಡ ಬೆಳೆದಿದೆ ಎಂದು ಬೈದಳು. ಮಾಸ್ತರ ಸರ್ ಹೇಳಿದಂತೆ ಆಗ ಮತ್ತೆ ಕೇಳಿದೆ. ಕಾಲಿನ ನೋವು ಇನ್ನೂ ಹನ್ನೆರಡಾಣೆ ಇದೆ ಎಂದಳು. ನಳಿಕೆಯ ವಿಷಯವನ್ನೆಲ್ಲ ಬಿಡಿಸಿ ಹೇಳಿದಾಗ ಕೇಳಿದ್ದು ಒಂದೇ ಪ್ರಶ್ನೆ: “ಹಾಕಿದ ಮ್ಯಾಲೆ ಬ್ಯಾಡಂದ್ರ ತಗೀತಾರೇನು?” ತೆಗೆಯುತ್ತಾರೆ ಎಂದು ವೈದ್ಯರು ಹೇಳಿದ ಮೇಲೆ ಒಪ್ಪಿದಳು. ಕಾಲಿನಲ್ಲಿ ಶಕ್ತಿ ಕುಂದಿಲ್ಲ, ಬೆನ್ನಿನ ಎಂಆರ್‌ಐ ಸ್ವಚ್ಛವಾಗಿದೆ, ಪ್ಲೇಟ್‌ಲೆಟ್ ಸರಿಯಿದೆ. ಹುಗಿಯುವ ಪಂಪೋ ಹೊರಗಿನದೋ ಎಂಬುದು ಈಗ ಉಳಿದ ಪ್ರಶ್ನೆ. ಹೊಲದ ಒಂದು ಎಕರೆ ಕೊಟ್ಟಾದರೂ ಒಳಗಿನದನ್ನೇ ಹಾಕಿಸೋಣ ಎಂದು ಈಗ ತಮ್ಮನೇ ಹೇಳುತ್ತಿದ್ದಾನೆ.

ಅರಿವಳಿಕೆ ವೈದ್ಯ, ಹುಬ್ಬಳ್ಳಿ

ಹೊಲವನ್ನು ಮಾರಬೇಡಿ. ಕನಿಷ್ಠ ಪರೀಕ್ಷಾ ಡೋಸಿನ ಫಲ ನೋಡುವ ತನಕ ಆ ಮಾತನ್ನೇ ಎತ್ತಬೇಡಿ. ಪಂಪು ಯಾವುದಾದರೂ ಮೊದಲು ತಾತ್ಕಾಲಿಕ ನಳಿಕೆ ಇಳಿಸಿ ಕೆಲವು ದಿನ ಔಷಧ ಕೊಟ್ಟು ನೋಡುತ್ತಾರೆ. ನೋವು ಅರ್ಧಕ್ಕಿಂತ ಹೆಚ್ಚು ಇಳಿದರೆ ಮುಂದಿನ ಹೆಜ್ಜೆ, ಇಳಿಯದಿದ್ದರೆ ನಳಿಕೆ ಎಳೆದು ಬೇರೆ ದಾರಿ.

ಒಳಗಿನ ಪಂಪು ಒಳ್ಳೆಯ ಸಾಧನವೇ. ಅಂಗೈಯಗಲದ ಲೋಹದ ಡಬ್ಬಿ. ಒಳಗೆ 20 ಅಥವಾ 40 ಮಿಲಿಲೀಟರ್ ಹಿಡಿಯುವ ಕೋಶವಿರುತ್ತದೆ, ಅದನ್ನು ಚರ್ಮದ ಮೇಲಿನಿಂದ ಸೂಜಿ ಚುಚ್ಚಿ ತುಂಬುತ್ತಾರೆ. ಬ್ಯಾಟರಿ ಹಲವು ವರ್ಷ ಬರುತ್ತದೆ. ಹೊರಗೆ ಏನೂ ಇಲ್ಲದ್ದರಿಂದ ಸೋಂಕಿನ ಭಯ ಕಡಿಮೆ, ಸ್ನಾನಕ್ಕೆ ಅಡ್ಡಿಯಿಲ್ಲ. ಆದರೆ ಆ ಬ್ಯಾಟರಿಯ ವರ್ಷಗಳು ನಿಮ್ಮ ತಾಯಿಯವರ ಕ್ಯಾಲೆಂಡರಿಗೆ ಸಂಬಂಧಪಟ್ಟವಲ್ಲ. ಆಯುಷ್ಯ ತಿಂಗಳುಗಳ ಲೆಕ್ಕದಲ್ಲಿದೆ, ಅದೂ ಮೂರಕ್ಕಿಂತ ಹೆಚ್ಚಿರಲಾರದು ಎಂದು ಕಂಡಾಗ ನಾವು ಸಾಮಾನ್ಯವಾಗಿ ಹೊರಗಿನ ಪಂಪನ್ನೇ ಸೂಚಿಸುತ್ತೇವೆ. ಒಂದೇ ಮೂತ್ರಪಿಂಡದ ಮೇಲೆ ನಡೆಯುತ್ತಿರುವ ಈ ಸ್ಥಿತಿಯಲ್ಲಿ ನಾನಾದರೂ ಅದನ್ನೇ ಹೇಳುತ್ತಿದ್ದೆ. ನೇರವಾಗಿ ಬರೆದದ್ದಕ್ಕೆ ಕ್ಷಮಿಸಿರಿ. ನಿಮ್ಮ ವೈದ್ಯರು ಅವರನ್ನು ಕಣ್ಣಾರೆ ನೋಡಿದವರು, ತೀರ್ಮಾನ ಅವರದು.

ಬ್ಯಾಡಗಿಯ ಅಕ್ಕ ಅವರ ಕೆಂಪು ಟೇಪಿನ ಮಾತಿಗೆ ನನ್ನ ಅಡಿಗೆರೆ ಇರಲಿ. ರಕ್ತನಾಳಕ್ಕೆ ಹೋಗಬೇಕಾದ ಕೆಲವು ಔಷಧಗಳು ಬೆನ್ನಿನ ದ್ರವಕ್ಕೆ ಹೋದರೆ ಜೀವವೇ ಹೋಗುತ್ತದೆ. ಬೆನ್ನಿಗೆ ಕೊಡುವ ಮಾರ್ಫಿನ್ ಕೂಡ ಕೆಡದಂತೆ ಹಾಕುವ ರಾಸಾಯನಿಕ ಇಲ್ಲದ, ಅದಕ್ಕೆಂದೇ ತಯಾರಾದ ಆಂಪ್ಯೂಲಿನದೇ ಆಗಬೇಕು. ಜ್ವರ, ಕುತ್ತಿಗೆ ಬಿಗಿತ, ನಳಿಕೆ ಹೊರಬರುವ ಜಾಗ ಕೆಂಪಾಗುವುದು, ಎಬ್ಬಿಸಿದರೂ ಏಳದ ನಿದ್ದೆ, ಕಾಲಿನಲ್ಲಿ ಹೊಸ ನಿತ್ರಾಣ, ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾಗಿದ್ದರೂ ಹೊರಡಿರಿ. ಪ್ಯಾಚನ್ನು ಒಂದೇ ದಿನಕ್ಕೆ ಕಿತ್ತುಹಾಕುವುದಿಲ್ಲ, ನಳಿಕೆಯ ಔಷಧ ಹಿಡಿತಕ್ಕೆ ಬಂದಂತೆ ಹಂತಹಂತವಾಗಿ ಇಳಿಸುತ್ತಾರೆ.

ರೋಣದ ಮಗ

ಪರೀಕ್ಷಾ ಡೋಸು ಕೊಟ್ಟು ಇಂದಿಗೆ ಎಂಟು ದಿನ. ಹೊರಗಿನ ಪಂಪಿಗೇ ಒಪ್ಪಿದೆವು. ಮೊದಲ ದಿನ ಮಾರ್ಫಿನ್ ಮಾತ್ರ ಕೊಟ್ಟಾಗ ನೋವು ಎಂಟಾಣೆಗೆ ನಿಂತಿತು, ಮೂರನೆಯ ದಿನ ಬುಪಿವಕೇನ್ ಸ್ವಲ್ಪ ಸೇರಿಸಿದ ಮೇಲೆ ಮೂರಾಣೆಗೆ ಇಳಿಯಿತು. ಸೇರಿಸಿದ ಮೊದಲ ರಾತ್ರಿ ಎಡ ತೊಡೆ ಜೋಮು ಹಿಡಿದು ಅವ್ವ ಹೆದರಿದಳು, ತಮ್ಮ ಅವಳಿಗಿಂತ ಹೆಚ್ಚು ಹೆದರಿದ. ವೇಗ ಕಡಿಮೆ ಮಾಡಿದ ಮೇಲೆ ಮುಂಜಾನೆಗೆ ಸರಿಹೋಯಿತು. ಈಗ ಗೋಡೆ ಹಿಡಿದು ಬಚ್ಚಲವರೆಗೆ ನಡೆಯುತ್ತಾಳೆ, ಯಾರಾದರೂ ಜೊತೆಗಿರಲೇಬೇಕು. ಮೂತ್ರ ಕಟ್ಟಲಿಲ್ಲ. ಮುಖ ತುರಿಸುತ್ತದೆ.

ನಿನ್ನೆ ಊರಿಗೆ ಕರೆದುಕೊಂಡು ಬಂದೆವು. ಔಷಧದ ಚೀಲವನ್ನು ವಾರಕ್ಕೊಮ್ಮೆ ನಾನು ಹುಬ್ಬಳ್ಳಿಯಿಂದ ಬರುವಾಗ ತುಂಬಿಸಿ ತರುತ್ತೇನೆ, ಡ್ರೆಸ್ಸಿಂಗ್ ಮಾಡಲು ತಮ್ಮನ ಹೆಂಡತಿ ಆಸ್ಪತ್ರೆಯಲ್ಲಿಯೇ ಮೂರು ಸಲ ಕಲಿತಳು. ಕೆಂಪು ಟೇಪು ಸುತ್ತಿದ್ದೇವೆ, ಅಕ್ಕಾ. ಊರಿನ ಆರೋಗ್ಯ ಕೇಂದ್ರದ ಸಿಸ್ಟರ್ ಅವರನ್ನೂ ಮನೆಗೆ ಕರೆದು ತೋರಿಸಿದೆವು. ಅವರು ಫೋಟೋ ತೆಗೆದುಕೊಂಡು ಹೋದರು. ಕಾಕಾ ಬಂದು ಅರ್ಧ ತಾಸು ಕೂತು ಪಂಪಿನ ಸಣ್ಣ ಟಿಕ್ ಟಿಕ್ ಸದ್ದನ್ನೇ ಕೇಳುತ್ತಿದ್ದರು, ಏನೂ ಅನ್ನಲಿಲ್ಲ.

ರಾತ್ರಿ ಎರಡೂವರೆಗೆ ನನಗೇ ಎಚ್ಚರವಾಯಿತು, ರೂಢಿಯಿಂದ. ಅವ್ವ ಅಂಗಾತ ಮಲಗಿ ನಿದ್ದೆ ಹೋಗಿದ್ದಳು. ಡಾಕ್ಟರ್ ಸಾಹೇಬರು ಹೇಳಿದ್ದರಲ್ಲ, ಒಂದು ನಿಮಿಷ ಉಸಿರು ಎಣಿಸಿದೆ. ಹದಿನಾಲ್ಕು ಬಂತು. ಇದು ಸರಿಯಿದೆಯೇ, ಎಷ್ಟಕ್ಕಿಂತ ಕಡಿಮೆಯಾದರೆ ಫೋನ್ ಮಾಡಬೇಕು?

ನವನಗರದ ದಾದಿ

ಹದಿನಾಲ್ಕು ಸರಿಯಾಗಿದೆ. ಹತ್ತಕ್ಕೆ ಇಳಿದರೆ ಹೆಸರು ಹಿಡಿದು ಕರೆದು ಎಬ್ಬಿಸಿ ನೋಡಿರಿ, ಕಣ್ಣು ಬಿಟ್ಟು ಮಾತಾಡಿದರೂ ನಮಗೆ ತಿಳಿಸಿರಿ. ಎಂಟಾದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ಎಣಿಸುತ್ತ ಕೂಡಬೇಡಿ, ಪಂಪು ನಿಲ್ಲಿಸುವ ಗುಂಡಿ ಒತ್ತಿ 108ಕ್ಕೆ ಕರೆ ಮಾಡಿರಿ. ಆ ಗುಂಡಿ ಯಾವುದೆಂದು ತಮ್ಮನಿಗೂ ತೋರಿಸಿಟ್ಟಿರಿ.